ಎರಡು ಮಾತ್ರೆ, ಒಂದು ಸಹಿ: ಹೆಪಟೈಟಿಸ್ ಸಿ ಟ್ರಯಲ್‌ಗಳ ಕಥೆ

ಇವತ್ತು ಒಂದು ಪ್ರಶ್ನೆಯ ಇತಿಹಾಸ ಹೇಳ್ತೀನಿ. ಡಾಕ್ಟರು ನಿಮ್ಮ ಮುಂದೆ ಒಪ್ಪಿಗೆ ಪತ್ರ ಇಟ್ಟು, "ಹೊಸ ಔಷಧಿಯ ಟ್ರಯಲ್ ನಡೀತಿದೆ, ಸೇರ್ತೀರಾ?" ಅಂತ ಕೇಳಿದ್ರೆ ಏನು ಮಾಡ್ತೀರಿ? ಹೆಪಟೈಟಿಸ್ ಸಿ ಇದ್ದ ಸಾವಿರಾರು ಜನ ಇದಕ್ಕೆ ಉತ್ತರ ಕೊಡಬೇಕಾಯ್ತು.

ಮೊದಲು ಕಾಯಿಲೆ ಬಗ್ಗೆ ಎರಡು ಮಾತು. ಇದು ರಕ್ತದಿಂದ ಹರಡುವ ವೈರಸ್. ಲಿವರ್‌ನಲ್ಲಿ ವರ್ಷಗಟ್ಟಲೆ ಸದ್ದಿಲ್ಲದೆ ಕೂತಿರುತ್ತೆ. ಕೆಲವರಿಗೆ ಇಪ್ಪತ್ತು-ಮೂವತ್ತು ವರ್ಷ ಆದ್ಮೇಲೆ ಸಿರೋಸಿಸ್ ಆಗುತ್ತೆ, ಕ್ಯಾನ್ಸರ್ ಕೂಡ ಬರಬಹುದು. 1970ರ ದಶಕದಲ್ಲಿ ಇದಕ್ಕೆ ಸ್ವಂತ ಹೆಸರೇ ಇರಲಿಲ್ಲ. ಹೆಪಟೈಟಿಸ್ ಎ ಅಲ್ಲ, ಬಿ ಅಲ್ಲ, ಹಾಗಾಗಿ "ನಾನ್-ಎ, ನಾನ್-ಬಿ" ಅಂತ ಕರೀತಿದ್ರು.

ವೈರಸ್ ಪತ್ತೆಯಾಗಿದ್ದು ಪ್ರಕಟವಾಗಿದ್ದು 1989ರಲ್ಲಿ. ಆದರೆ ಚಿಕಿತ್ಸೆಯ ಮೊದಲ ಪ್ರಯೋಗದ ವರದಿ ಬಂದಿದ್ದು 1986ರಲ್ಲಿ! ಅಮೆರಿಕದ ನ್ಯಾಷನಲ್ ಇನ್‌ಸ್ಟಿಟ್ಯೂಟ್ಸ್ ಆಫ್ ಹೆಲ್ತ್‌ನಲ್ಲಿ ಜೇ ಹೂಫ್‌ನೇಗಲ್ ತಂಡ ಹತ್ತು ರೋಗಿಗಳಿಗೆ ಇಂಟರ್‌ಫೆರಾನ್ ಕೊಟ್ಟು ನೋಡ್ತು. ಎಂಟು ಮಂದಿಯ ಲಿವರ್ ಎಂಜೈಮ್ ಬೇಗನೆ ಇಳೀತು. ಯೋಚನೆ ಮಾಡಿ, ಯಾವ ವೈರಸ್ ಅಂತಲೇ ಗೊತ್ತಿಲ್ಲದ ಕಾಯಿಲೆಗೆ ಆ ಹತ್ತು ಜನ ಔಷಧಿ ತಗೊಳ್ಳೋಕೆ ಒಪ್ಪಿದ್ರು.

ಅಲ್ಲಿಂದ ಮುಂದೆ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಇಂಟರ್‌ಫೆರಾನ್‌ದೇ ರಾಜ್ಯ. ನಂತರ ಅದರ ಜೊತೆ ರಿಬಾವಿರಿನ್ ಮಾತ್ರೆ ಸೇರ್ತು. ಜೀನೋಟೈಪ್ 1 ಅನ್ನೋ ಬಗೆಯವರಿಗೆ 48 ವಾರ ಇಂಜೆಕ್ಷನ್. ಜ್ವರ, ಮೈಕೈ ನೋವು, ರಕ್ತಹೀನತೆ, ಕೆಲವರಿಗೆ ತೀವ್ರ ಖಿನ್ನತೆ. ಇಷ್ಟೆಲ್ಲ ಅನುಭವಿಸಿದ್ರೂ ವಾಸಿಯಾಗ್ತಿದ್ದವರು ಸುಮಾರು ಅರ್ಧದಷ್ಟು ಮಾತ್ರ. ಹಾಗಾಗಿ ಲಿವರ್ ಇನ್ನೂ ಚೆನ್ನಾಗಿದ್ದ ಅನೇಕರು "ಒಳ್ಳೆ ಔಷಧಿ ಬರಲಿ" ಅಂತ ಕಾಯ್ತಾ ಕೂತರು.

ಈಗ 2012ಕ್ಕೆ ಬನ್ನಿ. ಆ ವರ್ಷ ಎರಡು ಹೊಸ ಮಾತ್ರೆಗಳ ಟ್ರಯಲ್ ನಡೀತಿತ್ತು. ಒಂದು, ಗಿಲಿಯಡ್ ಕಂಪನಿಯ ಸೋಫೋಸ್ಬುವಿರ್. ಇನ್ನೊಂದು, ಬ್ರಿಸ್ಟಲ್-ಮೈಯರ್ಸ್ ಸ್ಕ್ವಿಬ್ ಕಂಪನಿಯದು. ಅದಕ್ಕೆ ಇನ್ನೂ ಹೆಸರಿಲ್ಲ, ಬಿಎಂಎಸ್-986094 ಅನ್ನೋ ನಂಬರ್ ಅಷ್ಟೇ. ಎರಡೂ ಹೆಚ್ಚುಕಮ್ಮಿ ಒಂದೇ ಜಾತಿಯ ಔಷಧಿ: ವೈರಸ್ ತನ್ನ ನಕಲು ಮಾಡಿಕೊಳ್ಳೋ ಎಂಜೈಮ್‌ಗೇ ಅಡ್ಡಗಾಲು ಹಾಕುವಂಥವು. ಎರಡರ ಮೇಲೂ ಕಂಪನಿಗಳು ಶತಕೋಟಿ ಡಾಲರ್ ಸುರಿದಿದ್ದವು.

ಸೋಫೋಸ್ಬುವಿರ್ ಕಡೆಯಿಂದ ಒಳ್ಳೆ ಸುದ್ದಿ ಬರ್ತಿತ್ತು. ನ್ಯೂಜಿಲೆಂಡ್‌ನ ಒಂದು ಟ್ರಯಲ್‌ನಲ್ಲಿ ಜೀನೋಟೈಪ್ 2 ಅಥವಾ 3 ಇದ್ದ ಹತ್ತು ಜನಕ್ಕೆ ಇಂಟರ್‌ಫೆರಾನ್ ಇಲ್ಲದೆ 12 ವಾರ ಇದನ್ನೂ ರಿಬಾವಿರಿನ್ನೂ ಕೊಟ್ರು. ಹತ್ತೂ ಜನ ವಾಸಿಯಾದ್ರು. ಆದ್ರೆ ಅದೇ ಟ್ರಯಲ್‌ನಲ್ಲಿ, ಹಳೇ ಚಿಕಿತ್ಸೆಗೆ ಜಗ್ಗದಿದ್ದ ಜೀನೋಟೈಪ್ 1ರ ಹತ್ತು ಜನರಲ್ಲಿ ವಾಸಿಯಾಗಿದ್ದು ಒಬ್ಬರೇ.

ಇನ್ನೊಂದು ಮಾತ್ರೆಯ ಕಥೆ? 2012ರ ಆಗಸ್ಟ್‌ನಲ್ಲಿ ಟ್ರಯಲ್ ದಿಢೀರ್ ಅಂತ ನಿಂತಿತು. ಹೃದಯ ವೈಫಲ್ಯಕ್ಕೆ ತುತ್ತಾದ ಒಬ್ಬರು ತೀರಿಕೊಂಡ್ರು. ಅವರೂ ಸೇರಿ ಒಂಬತ್ತು ಜನ ಆಸ್ಪತ್ರೆ ಸೇರಬೇಕಾಯ್ತು. ಆ ಔಷಧಿಯನ್ನ ಕಂಪನಿ ಅಲ್ಲಿಗೇ ಕೈಬಿಟ್ಟಿತು.

ಈಗ ಹೇಳಿ, ಸೋಫೋಸ್ಬುವಿರ್ ತಗೊಂಡವರು ಜಾಣರು, ಇನ್ನೊಂದು ತಗೊಂಡವರು ದಡ್ಡರು ಅನ್ನೋಕಾಗುತ್ತಾ? ಸಹಿ ಹಾಕೋ ದಿನ ಇಬ್ಬರಿಗೂ ಗೊತ್ತಿದ್ದಿದ್ದು ಹೆಚ್ಚುಕಮ್ಮಿ ಅಷ್ಟೇ. ಫಲಿತಾಂಶ ನೋಡ್ಕೊಂಡು ನಿರ್ಧಾರಕ್ಕೆ ಮಾರ್ಕ್ಸ್ ಕೊಡೋದು ನ್ಯಾಯ ಅಲ್ಲ. ಟ್ರಯಲ್ ನಡೆಸೋದೇ ಉತ್ತರ ಗೊತ್ತಿಲ್ಲ ಅಂತ.

ಹಾಗಾದ್ರೆ ನಿರ್ಧಾರ ಮಾಡೋದು ಹೇಗೆ? ನಾನು ಬಿಕಾಂ ಓದಿದವನು, ನನಗೆ ನೆನಪಾಗೋದು ಅಪಾರ್ಚುನಿಟಿ ಕಾಸ್ಟ್. ಟ್ರಯಲ್ ಒಂದನ್ನೇ ನೋಡಿದ್ರೆ ಲೆಕ್ಕ ಸಿಗಲ್ಲ. ಅದರ ಪಕ್ಕದಲ್ಲಿ ಈಗಿರೋ ಚಿಕಿತ್ಸೆ ಇಡಬೇಕು, ಸುಮ್ಮನೆ ಕಾಯೋದನ್ನೂ ಇಡಬೇಕು. 2012ರಲ್ಲಿ ಸಿರೋಸಿಸ್ ಶುರುವಾಗಿ, ಇಂಟರ್‌ಫೆರಾನ್ ಫಲ ಕೊಡದಿದ್ದವರಿಗೆ ಕಾಯೋದೇ ದುಬಾರಿ. ಲಿವರ್ ಗಟ್ಟಿಯಾಗಿದ್ದವರಿಗೆ ಕಾಯೋದು ಅಗ್ಗ.

ಆ ಲೆಕ್ಕ ಆಮೇಲೆ ಪೂರ್ತಿ ಬದಲಾಯ್ತು. 2013ರ ಡಿಸೆಂಬರ್‌ನಲ್ಲಿ ಅಮೆರಿಕ ಸೋಫೋಸ್ಬುವಿರ್‌ಗೆ ಅನುಮತಿ ಕೊಡ್ತು. 12 ವಾರಕ್ಕೆ ಬೆಲೆ 84,000 ಡಾಲರ್, ಆಗಿನ ಲೆಕ್ಕದಲ್ಲಿ 50 ಲಕ್ಷ ರೂಪಾಯಿಗೂ ಹೆಚ್ಚು! 2014ರ ಸೆಪ್ಟೆಂಬರ್‌ನಲ್ಲಿ ಗಿಲಿಯಡ್ ಭಾರತದ ಏಳು ಕಂಪನಿಗಳಿಗೆ ಜನರಿಕ್ ತಯಾರಿಸೋ ಲೈಸೆನ್ಸ್ ಕೊಡ್ತು. ಅದರಲ್ಲಿ ನಮ್ಮ ಬೆಂಗಳೂರಿನ ಸ್ಟ್ರೈಡ್ಸ್ ಕೂಡ ಇತ್ತು. 2018ರ ಜುಲೈ 28ರಂದು ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮ ಶುರುವಾಯ್ತು. ಅದರಡಿ ಸರ್ಕಾರಿ ಚಿಕಿತ್ಸಾ ಕೇಂದ್ರಗಳಲ್ಲಿ ಹೆಪಟೈಟಿಸ್ ಸಿ ಮಾತ್ರೆ ಉಚಿತ. ಈಗ ಹೆಚ್ಚಿನವರು ಕೆಲವೇ ತಿಂಗಳ ಮಾತ್ರೆಯಲ್ಲಿ ವಾಸಿಯಾಗ್ತಾರೆ. ಹಾಗಾಗಿ ಇವತ್ತು ಯಾರಾದ್ರೂ ಹೊಸ ಟ್ರಯಲ್‌ಗೆ ಕರೆದ್ರೆ ಮೊದಲು ಕೇಳಬೇಕಾದ್ದು: "ಇರೋ ಮಾತ್ರೆ ಬಿಟ್ಟು ಇದನ್ನ ನಾನ್ಯಾಕೆ ತಗೋಬೇಕು?"

ಬೇರೆ ಕಾಯಿಲೆಯ ಟ್ರಯಲ್ ಆದ್ರೂ ಸರಿ, ಇನ್ನೂ ನಾಲ್ಕು ಪ್ರಶ್ನೆ ಕೇಳಿ. ಸಿಟಿಆರ್‌ಐನಲ್ಲಿ ನೋಂದಣಿ ಆಗಿದ್ಯಾ? ಎಥಿಕ್ಸ್ ಕಮಿಟಿ ಒಪ್ಪಿಗೆ ಇದೆಯಾ? ತೊಂದ್ರೆಯಾದ್ರೆ ಖರ್ಚು, ಪರಿಹಾರ ಯಾರದ್ದು? ಮಧ್ಯದಲ್ಲಿ ಬಿಡಬೇಕು ಅನಿಸಿದ್ರೆ ಬಿಡಬಹುದಾ? ನಮ್ಮ ದೇಶದ 2019ರ ಕ್ಲಿನಿಕಲ್ ಟ್ರಯಲ್ ನಿಯಮಗಳ ಪ್ರಕಾರ, ಟ್ರಯಲ್‌ನಿಂದ ಹಾನಿಯಾದ್ರೆ ಚಿಕಿತ್ಸೆ, ಪರಿಹಾರ ಕೊಡಲೇಬೇಕು. ಯಾವಾಗ ಬೇಕಾದ್ರೂ ಹೊರಬರೋ ಹಕ್ಕು ನಿಮಗಿದೆ. ಒಪ್ಪಿಗೆ ಪತ್ರವನ್ನ ಮನೆಗೆ ತಗೊಂಡು ಹೋಗಿ ಓದ್ತೀನಿ ಅನ್ನಿ. ಅದಕ್ಕೂ ಅವಸರ ಮಾಡಿದ್ರೆ, ಎದ್ದು ಬನ್ನಿ.