ವಿಂಬಲ್ಡನ್ ಪಂದ್ಯಾವಳಿಯೂ ನಮ್ಮ ಸೀಮೆಯ ಪ್ರೇಕ್ಷಕನೂ

ಆಟದ ಚರಿತ್ರೆಯೆಂದರೆ ಆಡಿದವರ ಚರಿತ್ರೆಯೆಂದೇ ಜನರು ಸಾಮಾನ್ಯವಾಗಿ ತಿಳಿಯುತ್ತಾರೆ. ಯಾರು ಗೆದ್ದರು, ಯಾರು ಸೋತರು, ಯಾವ ವರ್ಷದಲ್ಲಿ, ಎಷ್ಟು ಅಂಕಗಳಿಂದ ಎಂಬಿಷ್ಟನ್ನು ಬರೆದಿಟ್ಟರೆ ಚರಿತ್ರೆ ಮುಗಿಯಿತೆಂಬ ಭಾವನೆಯುಂಟು. ಆದರೆ ಪಂದ್ಯವೊಂದರಲ್ಲಿ ಆಡುವವರಿಬ್ಬರಲ್ಲದೆ ಮೂರನೆಯವನೊಬ್ಬನಿದ್ದಾನೆ. ಅವನೇ ಪ್ರೇಕ್ಷಕ. ಅವನು ಬಾರದಿದ್ದರೆ ಆಟವು ವ್ಯಾಯಾಮವಾಗಿ ಉಳಿದೀತೇ ಹೊರತು ಪಂದ್ಯಾವಳಿಯಾಗಲಾರದು. ಇಂದಿನ ಉಪನ್ಯಾಸದಲ್ಲಿ ಟೆನಿಸ್ ಆಟದ ಈ ಮೂರನೆಯವನ ಚರಿತ್ರೆಯನ್ನು, ಅದರಲ್ಲಿಯೂ ಹಳಿಯಾಳ, ದಾಂಡೇಲಿ, ಜೋಯಿಡಾ, ಮುಂಡಗೋಡಗಳಂತಹ ಊರುಗಳಲ್ಲಿ ಕುಳಿತು ಸಾವಿರಾರು ಮೈಲಿಗಳಾಚೆಯ ಆಟವನ್ನು ಹಿಂಬಾಲಿಸುವವನ ಚರಿತ್ರೆಯನ್ನು ವಿಚಾರಮಾಡೋಣ. ಪ್ರೇಕ್ಷಕನೆಂದಾಗ ಸ್ತ್ರೀಯರನ್ನೂ ಸೇರಿಸಿಯೇ ಹೇಳುತ್ತಿದ್ದೇವೆಂದು ಶ್ರೋತೃಗಳು ಗ್ರಹಿಸಬೇಕು.

ಆ ಕಾಡಿನ ಸೀಮೆಗೂ ಟೆನಿಸಿಗೂ ಏನು ಸಂಬಂಧವೆಂದು ಕೆಲವರು ಕೇಳಬಹುದು. ಪ್ರಶ್ನೆ ನ್ಯಾಯವಾದುದೇ. ಹಳಿಯಾಳವು ಭತ್ತದ ಗದ್ದೆಗಳಿಗೂ ಕುಸ್ತಿಗೂ ಹೆಸರಾದುದು. ಜೋಯಿಡಾ ದಟ್ಟವಾದ ಅರಣ್ಯ. ದಾಂಡೇಲಿ ಮರದ ಊರಾಗಿದ್ದು, ೧೯೫೫ರಲ್ಲಿ ಸ್ಥಾಪಿತವಾದ ವೆಸ್ಟ್ ಕೋಸ್ಟ್ ಕಂಪೆನಿಯಿಂದ ಕಾಗದದ ಊರೂ ಆಯಿತು. ಮುಂಡಗೋಡವು ೧೯೬೬ರಿಂದ ಟಿಬೆಟಿನ ನಿರಾಶ್ರಿತರಿಗೆ ಆಸರೆಯಾಯಿತು. ಇವುಗಳಲ್ಲಿ ಒಂದೂ ಟೆನಿಸಿನಿಂದ ಖ್ಯಾತಿ ಪಡೆದುದಲ್ಲ. ಆದರೆ ಖ್ಯಾತಿ ಪಡೆದ ಊರುಗಳನ್ನು ಮಾತ್ರ ಎಣಿಸುತ್ತ ಹೋದರೆ ಜಗತ್ತಿನ ಪ್ರೇಕ್ಷಕರಲ್ಲಿ ಬಹುಮಂದಿ ಲೆಕ್ಕದಿಂದಲೇ ಬಿಟ್ಟುಹೋಗುತ್ತಾರೆ. ಅಂಗಣದ ಸುತ್ತ ಕುಳಿತು ನೋಡುವವರು ಕೆಲವು ಸಾವಿರ; ದೂರದಲ್ಲಿದ್ದು ನೋಡುವವರು, ಕೇಳುವವರು, ಓದುವವರು ಅಸಂಖ್ಯಾತ. ದೂರದ ನಾಡಿನ ಸುದ್ದಿಗಾಗಿ ಕಿವಿಗೊಟ್ಟು ಕಾಯುವುದೆಂದರೇನೆಂಬುದನ್ನು ಮುಂಡಗೋಡದ ಟಿಬೆಟಿನವರಿಗಂತೂ ನಾವು ಹೇಳಿಕೊಡಬೇಕಾದುದಿಲ್ಲ.

ಈಗ ಮೂಲಕ್ಕೆ ಹೋಗೋಣ. ಹುಲ್ಲುನೆಲದ ಮೇಲೆ ಆಡುವ ಟೆನಿಸಿಗೆ ಇಂಗ್ಲೆಂಡಿನ ಮೇಜರ್ ವಿಂಗ್‌ಫೀಲ್ಡನು ೧೮೭೪ರಲ್ಲಿ ಸರಕಾರದ ಸನ್ನದು ಪಡೆದನು. ಮೂರು ವರ್ಷಗಳ ತರುವಾಯ, ೧೮೭೭ರ ಜುಲೈ ತಿಂಗಳಲ್ಲಿ, ಲಂಡನ್ನಿನ ಬಳಿಯ ವಿಂಬಲ್ಡನ್ನಿನಲ್ಲಿ ಮೊದಲನೆಯ ಪಂದ್ಯಾವಳಿ ನಡೆಯಿತು. ಅದರ ಕಾರಣ ಬಹು ಸಾಧಾರಣವಾದುದು. ಅಲ್ಲಿಯ ಕ್ಲಬ್ಬಿನಲ್ಲಿ ಹುಲ್ಲುನೆಲವನ್ನು ಸಮಮಾಡಲು ಕುದುರೆ ಎಳೆಯುತ್ತಿದ್ದ ರೋಲರು ಕೆಟ್ಟಿತ್ತು. ಅದನ್ನು ರಿಪೇರಿ ಮಾಡಿಸಲು ಹಣ ಬೇಕಾಗಿತ್ತು. ಇಪ್ಪತ್ತೆರಡು ಮಂದಿ ಆಟಗಾರರು ಸೇರಿದರು. ಮಳೆಯಿಂದ ತಡವಾಗಿ ನಡೆದ ಕೊನೆಯ ಪಂದ್ಯವನ್ನು ತಲೆಗೆ ಒಂದು ಶಿಲ್ಲಿಂಗು ತೆತ್ತು ನೋಡಿದವರು ಸುಮಾರು ಇನ್ನೂರು ಮಂದಿ. ಸ್ಪೆನ್ಸರ್ ಗೋರ್ ಎಂಬಾತನು ಗೆದ್ದನು. ಇದರಿಂದ ಒಂದು ಮಾತು ಸ್ಪಷ್ಟವಾಗುತ್ತದೆ. ಜಗತ್ತಿನ ಅತ್ಯಂತ ಪ್ರತಿಷ್ಠಿತವಾದ ಈ ಪಂದ್ಯಾವಳಿ ತನ್ನ ಹುಟ್ಟಿನಿಂದಲೇ ಪ್ರೇಕ್ಷಕನ ಕಾಸಿನಿಂದ ಬದುಕಿದುದು. ೧೯೨೨ರಲ್ಲಿ ಅದು ಚರ್ಚ್ ರಸ್ತೆಯ ವಿಶಾಲವಾದ ಅಂಗಣಕ್ಕೆ ಬಂದುದೂ ಪ್ರೇಕ್ಷಕರು ಹಿಡಿಸದಷ್ಟು ಹೆಚ್ಚಿದುದರಿಂದಲೇ. ೧೯೨೭ರಲ್ಲಿ ಬ್ರಿಟಿಷ್ ರೇಡಿಯೋ ಪಂದ್ಯದ ವರ್ಣನೆಯನ್ನು ಬಿತ್ತರಿಸಿತು. ೧೯೩೭ರಲ್ಲಿ ಟೆಲಿವಿಷನ್ ಬಂದಿತು. ಬೇಲಿಯ ಹೊರಗೆ ನಿಂತವನಿಗೂ ಅಂದಿನಿಂದ ಒಳಗೆ ಪ್ರವೇಶ ದೊರೆಯಿತು.

ಕಾಸು ಕೊಟ್ಟವನು ಪ್ರೇಕ್ಷಕ. ಆದರೆ ಆ ಕಾಸು ಆಡಿದವನಿಗೆ ಸೇರಬಾರದೆಂಬುದು ಅಲ್ಲಿಯ ದೊಡ್ಡಮನುಷ್ಯರ ನಿಯಮವಾಗಿತ್ತು. ಆಟವನ್ನು ವೃತ್ತಿಯಾಗಿ ಮಾಡಿಕೊಂಡು ಹಣ ಪಡೆದವನಿಗೆ ವಿಂಬಲ್ಡನ್ನಿನ ಬಾಗಿಲು ತೊಂಬತ್ತು ವರ್ಷಗಳ ಕಾಲ ಮುಚ್ಚಿಯೇ ಇತ್ತು. ಉತ್ತಮರಾದ ಆಟಗಾರರು ಒಂದೆರಡು ಸಲ ಗೆದ್ದು, ಬಳಿಕ ವೃತ್ತಿಯ ತಂಡಗಳನ್ನು ಸೇರಿ ಊರೂರು ತಿರುಗಿ ಆಡುತ್ತಿದ್ದರು. ನಮ್ಮ ದೇಶದ ರಾಮನಾಥನ್ ಕೃಷ್ಣನ್ ಅವರಿಗೂ ಅಂತಹ ಆಹ್ವಾನ ಬಂದಿತ್ತು, ಅವರು ಒಪ್ಪಲಿಲ್ಲ. ಒಪ್ಪಿದ್ದರೆ ೧೯೬೦ ಮತ್ತು ೧೯೬೧ರಲ್ಲಿ ವಿಂಬಲ್ಡನ್ನಿನ ಉಪಾಂತ್ಯವನ್ನು ಮುಟ್ಟಿದ ಭಾರತೀಯನೊಬ್ಬನನ್ನು ನಮ್ಮ ಜನ ಕಾಣುತ್ತಿರಲಿಲ್ಲ. ಕೊನೆಗೆ ೧೯೬೮ರಲ್ಲಿ ಆ ಬಾಗಿಲು ತೆರೆಯಿತು. ಆ ವರ್ಷ ಗೆದ್ದ ರಾಡ್ ಲೇವರನಿಗೆ ೨,೦೦೦ ಪೌಂಡು, ಬಿಲ್ಲಿ ಜೀನ್ ಕಿಂಗಳಿಗೆ ೭೫೦ ಪೌಂಡು ಕೊಡಲಾಯಿತು. ಸ್ತ್ರೀಯರಿಗೂ ಪುರುಷರಿಗೂ ಸಮನಾದ ಬಹುಮಾನ ದೊರೆಯಲು ೨೦೦೭ರ ವರೆಗೆ ಕಾಯಬೇಕಾಯಿತು.

ಹಳಿಯಾಳದ ಕುಸ್ತಿಯ ಅಖಾಡದಲ್ಲಿ ಬೆಳೆದವನಿಗೆ ಈ ಕಥೆ ಕೇಳಿ ನಗು ಬಂದರೆ ಆಶ್ಚರ್ಯವಿಲ್ಲ. ಗೆದ್ದ ಪೈಲ್ವಾನನಿಗೆ ಎಲ್ಲರೆದುರಿಗೆ ರೊಕ್ಕದ ಇನಾಮು, ಬೆಳ್ಳಿಯ ಕಡಗ, ದೊಡ್ಡ ಕುಸ್ತಿಯಾದರೆ ಬೆಳ್ಳಿಯ ಗದೆ ಕೊಡುವುದು ನಮ್ಮ ಕಡೆಯ ವಾಡಿಕೆ. ಮೆಚ್ಚಿದವನು ಜನರ ನಡುವಿನಿಂದ ಎದ್ದುಬಂದು ನೋಟನ್ನು ಕೈಗಿಡುವುದೂ ಉಂಟು. ಇನಾಮು ಪಡೆದುದರಿಂದ ಪೈಲ್ವಾನನ ಮಾನ ಕುಂದಿತೆಂದು ಯಾರೂ ಭಾವಿಸರು. ಹಾಲು, ತುಪ್ಪ, ಬಾದಾಮಿಗಳಿಲ್ಲದೆ ತಾಲೀಮು ನಡೆಯದೆಂಬುದು ಎಲ್ಲರಿಗೂ ಗೊತ್ತು. ವಿಂಬಲ್ಡನ್ನಿನ ಮಹನೀಯರು ೧೯೬೮ರಲ್ಲಿ ಕಲಿತ ಪಾಠವನ್ನು ಹಳಿಯಾಳದ ರೈತನು ಎಂದೋ ಬಲ್ಲವನಾಗಿದ್ದನು.

ಇನ್ನೊಂದು ಸಾಮ್ಯವನ್ನೂ ಇಲ್ಲಿ ಹೇಳಬೇಕು. ನಮ್ಮಲ್ಲಿ ನಿಕಾಲಿ ಕುಸ್ತಿಯೆಂಬುದುಂಟು. ಒಬ್ಬನ ಬೆನ್ನು ಮಣ್ಣಿಗೆ ಹತ್ತಿ ಇತ್ಯರ್ಥವಾಗುವ ವರೆಗೆ ಅದು ನಡೆಯುತ್ತದೆ. ಟೆನಿಸೂ ಇದೇ ಜಾತಿಯದು. ಫುಟ್‌ಬಾಲು, ಹಾಕಿಗಳಂತೆ ಗಡಿಯಾರ ನೋಡಿ ಮುಗಿಸುವ ಆಟ ಇದಲ್ಲ. ಮುಂದಿರುವವನು ಕಾಲ ತಳ್ಳಿ ಗೆಲ್ಲಲಾರನು. ಕೊನೆಯ ಅಂಕವನ್ನು ಅವನು ತಾನೇ ಗೆದ್ದುಕೊಳ್ಳಬೇಕು. ೨೦೧೦ರ ಜೂನಿನಲ್ಲಿ ವಿಂಬಲ್ಡನ್ನಿನಲ್ಲಿ ಐಸ್ನರ್ ಮತ್ತು ಮಾಹು ಎಂಬಿಬ್ಬರು ಮೂರು ದಿನಗಳಲ್ಲಿ ಒಟ್ಟು ೧೧ ಗಂಟೆ ೫ ನಿಮಿಷ ಆಡಿದರು; ಐದನೆಯ ಸೆಟ್ಟು ೭೦–೬೮ ಎಂದು ಮುಗಿಯಿತು. ೨೦೨೨ರಿಂದ ನಾಲ್ಕು ಮಹಾಪಂದ್ಯಾವಳಿಗಳಲ್ಲಿಯೂ ಕೊನೆಯ ಸೆಟ್ಟಿಗೆ ಟೈಬ್ರೇಕ್ ಬಂದಿರುವುದರಿಂದ ಅಂತಹ ಪಂದ್ಯ ಮತ್ತೆ ನಡೆಯಲಾರದು. ಆದರೂ ಆಟದ ಧರ್ಮ ಬದಲಾಗಿಲ್ಲ. ಆದುದರಿಂದಲೇ ಕುಸ್ತಿ ನೋಡಿ ಬಲ್ಲವನಿಗೆ ಟೆನಿಸಿನ ತಾಳ್ಮೆಯನ್ನು ಹೊಸದಾಗಿ ಕಲಿಸಬೇಕಾಗಿಲ್ಲವೆಂದು ನಾವು ಹೇಳುವುದು.

ಇನ್ನು ಸುದ್ದಿ ಇಲ್ಲಿಗೆ ಬಂದ ದಾರಿಯನ್ನು ನೋಡೋಣ. ೧೯೩೯ರಲ್ಲಿ ಗೌಸ್ ಮಹಮ್ಮದನು ವಿಂಬಲ್ಡನ್ನಿನ ಎಂಟರ ಘಟ್ಟವನ್ನು ಮುಟ್ಟಿದ ಮೊದಲ ಭಾರತೀಯನಾದಾಗ ಉತ್ತರ ಕನ್ನಡವು ಮುಂಬಯಿ ಪ್ರಾಂತಕ್ಕೆ ಸೇರಿತ್ತು. ತಂತಿಯ ಸುದ್ದಿ ಪತ್ರಿಕೆಯಲ್ಲಿ ಅಚ್ಚಾಗಿ ಕಾಡಿನ ಹಾದಿಯಲ್ಲಿ ಬರುವಷ್ಟರಲ್ಲಿ ಅಲ್ಲಿ ಮುಂದಿನ ಪಂದ್ಯವೇ ಮುಗಿದಿರುತ್ತಿತ್ತು. ೧೯೫೦ರ ಜನವರಿ ೮ರಂದು ಧಾರವಾಡದಲ್ಲಿ ಆಕಾಶವಾಣಿ ಕೇಂದ್ರ ಆರಂಭವಾಯಿತು. ೧೯೬೬ರಲ್ಲಿ ಕಲ್ಕತ್ತೆಯಲ್ಲಿ ಕೃಷ್ಣನ್ನರು ಬ್ರೆಜಿಲಿನ ಕಾಕನ ಎದುರು ಸೋಲಿನ ಬಾಯಿಂದ ಪಂದ್ಯವನ್ನು ಕಿತ್ತುಕೊಂಡು, ಭಾರತವನ್ನು ಡೇವಿಸ್ ಕಪ್ಪಿನ ಅಂತಿಮಕ್ಕೆ ಒಯ್ದ ಕಾಲದಲ್ಲಿ ದೂರದ ಊರುಗಳಿಗೆ ರೇಡಿಯೋವೇ ಅಂಗಣವಾಗಿತ್ತು. ಕಾಣದ ಚೆಂಡನ್ನು ಕಿವಿಯಿಂದ ಹಿಂಬಾಲಿಸುವ ಒಂದು ತಲೆಮಾರು ಹೀಗೆ ಬೆಳೆಯಿತು.

೧೯೮೭ನೆಯ ವರ್ಷವನ್ನು ಮಾತ್ರ ನಾವು ನಿಂತು ನೋಡಬೇಕು. ಆ ವರ್ಷ ಅಕ್ಟೋಬರಿನಲ್ಲಿ ಸಿಡ್ನಿಯಲ್ಲಿ ರಮೇಶ್ ಕೃಷ್ಣನ್ನರು ಕೊನೆಯ ಪಂದ್ಯವನ್ನು ಗೆದ್ದು, ಭಾರತವು ಆಸ್ಟ್ರೇಲಿಯವನ್ನು ಸೋಲಿಸಿ ಮತ್ತೆ ಡೇವಿಸ್ ಕಪ್ಪಿನ ಅಂತಿಮವನ್ನು ಸೇರಿತು. ಡಿಸೆಂಬರಿನಲ್ಲಿ ಸ್ವೀಡನ್ನಿಗೆ ೫–೦ರಿಂದ ಸೋತಿತು. ಅದೇ ವರ್ಷ ಕಾಳೀ ನದಿಗೆ ಕಟ್ಟಿದ ೧೦೧ ಮೀಟರು ಎತ್ತರದ ಸೂಪಾ ಅಣೆಕಟ್ಟು ಪೂರ್ಣವಾಯಿತು. ಹಳೆಯ ಸೂಪಾ ಪೇಟೆ ನೀರಿನಲ್ಲಿ ಮುಳುಗಿ, ಜೋಯಿಡಾ ತಾಲ್ಲೂಕಿನ ಕೇಂದ್ರವಾಯಿತು. ಅದೇ ವರ್ಷ ಭಾರತೀಯ ಕ್ರೀಡಾ ಪ್ರಾಧಿಕಾರವು ವಿಶೇಷ ಪ್ರದೇಶಗಳ ಕ್ರೀಡಾ ಯೋಜನೆಯನ್ನು ತಂದು, ಈ ಸೀಮೆಯ ಸಿದ್ದಿ ಜನಾಂಗದ ಹುಡುಗ ಹುಡುಗಿಯರನ್ನು ಆರಿಸಿ ಓಟ ಮೊದಲಾದ ಆಟಗಳಿಗೆ ತರಬೇತು ಕೊಡತೊಡಗಿತು.

ಮೂರು ಸಂಗತಿಗಳಿಗೂ ಒಂದಕ್ಕೊಂದು ಸಂಬಂಧವಿಲ್ಲವೆಂದು ತೋರಬಹುದು. ವಿಚಾರಿಸಿದರೆ ಉಂಟು. ನಾಗಝರಿಯ ವಿದ್ಯುದಾಗಾರದಲ್ಲಿ ಕಾಳಿಯ ನೀರು ತಿರುಗಿಸಿದ ಯಂತ್ರಗಳಿಂದ ರಾಜ್ಯದ ಪಟ್ಟಣಗಳಲ್ಲಿ ದೀಪ ಉರಿಯಿತು. ಆ ಪಟ್ಟಣಗಳ ಮನೆಗಳಲ್ಲಿ ದೂರದರ್ಶನದ ಪೆಟ್ಟಿಗೆಗಳು ಬೆಳಗಿ ಬೆಕರನೂ ಎಡ್ಬರ್ಗನೂ ಕಾಣಿಸಿದರು. ಆದರೆ ಅದೇ ನದಿಯ ಮೇಲ್ದಂಡೆಯ ಎಷ್ಟೋ ಕಾಡುಹಳ್ಳಿಗಳು ದೀಪಕ್ಕಾಗಿ ಬಹುಕಾಲ ಕಾದವು. ಜಗತ್ತಿಗೆ ಆಟ ಕಾಣುವಂತೆ ಮಾಡಲು ಮನೆ ಗದ್ದೆಗಳನ್ನು ಬಿಟ್ಟುಕೊಟ್ಟವನಿಗೆ ಆಟ ಕಾಣಲಿಲ್ಲ. ಸಿದ್ದಿ ಮಕ್ಕಳ ವಿಷಯದಲ್ಲಿಯೂ ಇದೇ ಮಾತು. ಅವರನ್ನು ದೂರದ ಶಿಬಿರಗಳಿಗೆ ಕರೆದೊಯ್ದರು. ಕೆಲವರು ರಾಷ್ಟ್ರಮಟ್ಟದಲ್ಲಿ ಪದಕಗಳನ್ನು ತಂದರು. ಆದರೆ ಯೋಜನೆ ಕೆಲವೇ ವರ್ಷಗಳಲ್ಲಿ ನಿಂತುಹೋಯಿತು. ಪ್ರತಿಭೆಯನ್ನು ಇಲ್ಲಿಂದ ಒಯ್ಯುವ ಏರ್ಪಾಡು ನಡೆಯಿತೇ ಹೊರತು, ಇಲ್ಲಿಯ ಜನ ನಿಂತು ನೋಡುವಂತಹ ಅಂಗಣಗಳು ಊರೂರಿಗೆ ಏಳಲಿಲ್ಲ. ನೋಡುವವನಿಲ್ಲದ ಕಡೆ ಆಡುವವನೂ ಬಹುಕಾಲ ಉಳಿಯನು. ಹಳಿಯಾಳದ ಕುಸ್ತಿ ಇಂದಿಗೂ ಬಾಳಿರುವುದು ಅದರ ಸುತ್ತ ನೆಲದ ಮೇಲೆ ಕುಳಿತು ನೋಡುವ ಜನರಿರುವುದರಿಂದ.

ಇಂದು ಪರಿಸ್ಥಿತಿ ಬೇರೆಯಾಗಿದೆ. ಉಪಗ್ರಹದ ವಾಹಿನಿಗಳು ಬಂದುವು. ಬಳಿಕ ಕೈಯಲ್ಲಿ ಹಿಡಿಯುವ ಮೊಬೈಲಿನಲ್ಲಿಯೇ ಪಂದ್ಯ ಕಾಣತೊಡಗಿತು. ಲಂಡನ್ನಿನ ಬೇಸಗೆಯ ಗಡಿಯಾರಕ್ಕಿಂತ ನಮ್ಮದು ನಾಲ್ಕೂವರೆ ಗಂಟೆ ಮುಂದಿರುವುದರಿಂದ ಅಲ್ಲಿಯ ಮಧ್ಯಾಹ್ನ ನಮ್ಮ ಸಂಜೆಯಾಗುತ್ತದೆ. ವಿಂಬಲ್ಡನ್ನಿನ ಎರಡು ವಾರಗಳು ನಮ್ಮ ಆಷಾಢದ ಮಳೆಗಾಲಕ್ಕೆ ಸರಿಯಾಗಿ ಬರುತ್ತವೆ. ಅಲ್ಲಿ ಹನಿ ಬಿದ್ದರೆ ಸೆಂಟರ್ ಕೋರ್ಟಿನ ಮೇಲೆ ೨೦೦೯ರಿಂದ ಛಾವಣಿ ಮುಚ್ಚಿಕೊಳ್ಳುತ್ತದೆ. ಜೋಯಿಡಾದಲ್ಲಿ ಗಾಳಿಗೆ ಮರ ಬಿದ್ದು ತಂತಿ ಕಡಿದರೆ ಐದನೆಯ ಸೆಟ್ಟಿನ ಫಲಿತಾಂಶ ಮರುದಿನದ ಬಸ್ಸಿನಲ್ಲಿ ಬರುವ ಪತ್ರಿಕೆಯಿಂದ ತಿಳಿಯಬೇಕು. ಆ ಮಟ್ಟಿಗೆ ನಮ್ಮ ಪ್ರೇಕ್ಷಕನು ಇನ್ನೂ ೧೯೩೯ರಲ್ಲಿಯೇ ಇದ್ದಾನೆ.

ಹೀಗೆ ಎರಡು ವಾರ ಹಿಂಬಾಲಿಸುವುದರಿಂದ ಲಾಭವೇನು? ಏಕಾಂಗಿ ಪಂದ್ಯಗಳಲ್ಲಿ ೧೨೮ ಮಂದಿ ಸೇರುತ್ತಾರೆ. ಮೊದಲನೆಯ ಸುತ್ತಿನಲ್ಲಿಯೇ ೬೪ ಮಂದಿ ಮನೆಗೆ ಹೊರಡುತ್ತಾರೆ. ಕೊನೆಯಲ್ಲಿ ೧೨೭ ಮಂದಿ ಸೋತಿರುತ್ತಾರೆ, ಒಬ್ಬನು ಏಳು ಪಂದ್ಯಗಳನ್ನು ಗೆದ್ದಿರುತ್ತಾನೆ. ಅಂತಿಮ ಪಂದ್ಯವನ್ನು ಮಾತ್ರ ನೋಡುವವನು ಗೆಲವನ್ನು ಕಾಣುತ್ತಾನೆ. ಮೊದಲ ದಿನದಿಂದ ನೋಡಿದವನು ಸೋಲುವ ಬಗೆಗಳನ್ನೆಲ್ಲ ಕಾಣುತ್ತಾನೆ. ಚೆನ್ನಾಗಿ ಸೋಲುವುದೂ ಒಂದು ವಿದ್ಯೆಯೆಂದು ತಿಳಿಯುತ್ತಾನೆ. ಪರೀಕ್ಷೆಯಲ್ಲಿ ಒಮ್ಮೆ ತಪ್ಪಿ ಮುಖ ತೋರಿಸಲು ನಾಚುವ ವಿದ್ಯಾರ್ಥಿಗಳಿಗೆ ಈ ವಿದ್ಯೆಯ ಅಗತ್ಯ ಎಷ್ಟೆಂಬುದನ್ನು ಅಧ್ಯಾಪಕರಾದ ನಾವು ಬಲ್ಲೆವು.

ಕನ್ನಡಿಗರ ಪಾಲಿಗೆ ಇದಕ್ಕೆ ಉತ್ತಮವಾದ ನಿದರ್ಶನವೆಂದರೆ ಕೊಡಗಿನ ರೋಹನ್ ಬೋಪಣ್ಣನವರು. ೨೦೧೦ರಲ್ಲಿ ಪಾಕಿಸ್ತಾನದ ಐಸಾಮ್ ಕುರೇಶಿಯವರೊಡನೆ ಅಮೆರಿಕದ ಪಂದ್ಯಾವಳಿಯ ಜೋಡಿಯಾಟದ ಅಂತಿಮದಲ್ಲಿ ಸೋತರು. ೨೦೧೭ರಲ್ಲಿ ಪ್ಯಾರಿಸಿನಲ್ಲಿ ಮಿಶ್ರ ಜೋಡಿಯಾಟವನ್ನು ಗೆದ್ದರು. ೨೦೨೩ರಲ್ಲಿ ಮತ್ತೆ ಅಮೆರಿಕದ ಅಂತಿಮದಲ್ಲಿ ಸೋತರು. ೨೦೨೪ರ ಜನವರಿಯಲ್ಲಿ, ತಮ್ಮ ೪೩ನೆಯ ವಯಸ್ಸಿನಲ್ಲಿ, ಮ್ಯಾಥ್ಯೂ ಎಬ್ಡನ್ನರೊಡನೆ ಆಸ್ಟ್ರೇಲಿಯದ ಪಂದ್ಯಾವಳಿಯನ್ನು ಗೆದ್ದು, ಜೋಡಿಯಾಟದಲ್ಲಿ ಜಗತ್ತಿನ ಮೊದಲನೆಯ ಸ್ಥಾನವನ್ನೂ ಪಡೆದರು. ಅಷ್ಟು ವಯಸ್ಸಿನಲ್ಲಿ ಆ ಸ್ಥಾನಕ್ಕೆ ಮೊದಲಬಾರಿ ಏರಿದವರು ಹಿಂದೆ ಯಾರೂ ಇಲ್ಲ. ಕೊಡಗೂ ನಮ್ಮ ಸೀಮೆಯಂತೆಯೇ ಮಳೆಯ ನಾಡು, ಕಾಡಿನ ನಾಡು.

ಆದರೆ ದೂರದ ನೋಟ ಅರ್ಧ ನೋಟವೆಂಬುದನ್ನು ಮರೆಯಲಾಗದು. ೨೦೦೮ರ ಮಾರ್ಚಿನಲ್ಲಿ ಸೆರೀನಾ ವಿಲಿಯಮ್ಸಳು ಬೆಂಗಳೂರಿಗೆ ಬಂದು ಪಂದ್ಯಾವಳಿಯನ್ನು ಗೆದ್ದಳು. ದಾಂಡೇಲಿಗೆ ಬೆಂಗಳೂರು ಒಂದು ರಾತ್ರಿಯ ಪ್ರಯಾಣ. ಧಾರವಾಡ ಹಾಗಲ್ಲ, ಹಳಿಯಾಳದಿಂದ ಸುಮಾರು ಒಂದು ಗಂಟೆಯ ಹಾದಿ. ಅಲ್ಲಿಯ ರಾಜಾಧ್ಯಕ್ಷ ಟೆನಿಸ್ ಅಂಗಣದಲ್ಲಿ ೨೦೨೩ರ ಅಕ್ಟೋಬರಿನಲ್ಲಿ ಅಂತರರಾಷ್ಟ್ರೀಯ ಟೆನಿಸ್ ಒಕ್ಕೂಟದ ಪುರುಷರ ಪಂದ್ಯಾವಳಿ ನಡೆಯಿತು. ಪರದೆಯ ಮೇಲೆ ಚೆಂಡಿನ ವೇಗ ತಿಳಿಯುವುದಿಲ್ಲ. ಅಂಗಣದ ಅಂಚಿನಲ್ಲಿ ನಿಂತಾಗ ಚೆಂಡಿನ ಸದ್ದು, ಆಟಗಾರನ ಉಸಿರು, ಪಾದದ ಜಾರು ತಿಳಿಯುತ್ತವೆ. ಅದನ್ನು ಒಮ್ಮೆ ಕಂಡ ಮಗು ರಾಕೆಟ್ ಕೇಳುತ್ತದೆ.

ಆದಕಾರಣ ನಮ್ಮ ಸೀಮೆಯ ಶಾಲೆ ಕಾಲೇಜುಗಳ ಮುಖ್ಯಸ್ಥರಲ್ಲಿಯೂ ಪೌರಸಭೆಗಳ ಸದಸ್ಯರಲ್ಲಿಯೂ ನಮ್ಮ ವಿಜ್ಞಾಪನೆ ಇಷ್ಟೇ. ಧಾರವಾಡದಲ್ಲಿ ಪಂದ್ಯ ನಡೆದಾಗ ಮಕ್ಕಳನ್ನು ಒಂದು ದಿನ ಬಸ್ಸಿನಲ್ಲಿ ಕರೆದೊಯ್ಯಿರಿ. ತಾಲ್ಲೂಕಿಗೊಂದು ಅಂಗಣವನ್ನು ಕಟ್ಟಿಸಿರಿ. ಅದರ ಪಕ್ಕದಲ್ಲಿ, ಕುಸ್ತಿಯ ಅಖಾಡದಲ್ಲಿರುವಂತೆ, ಊರಿನ ಜನ ಬಂದು ಕೂರಲು ಸ್ಥಳವಿಡಿರಿ. ೧೮೭೭ರಲ್ಲಿ ವಿಂಬಲ್ಡನ್ನಿಗೆ ಬಂದವರು ಇನ್ನೂರು ಮಂದಿ. ಹಳಿಯಾಳದ ಕುಸ್ತಿಗೆ ಅದಕ್ಕಿಂತ ಹೆಚ್ಚು ಜನ ಇಂದಿಗೂ ಬರುತ್ತಾರೆ.