ರಹದಾರಿ: ಹಾದಿ ಕಾಯುವವನ ಹೊಣೆ

ಹುಣಸೂರು, ಪಿರಿಯಾಪಟ್ಟಣಗಳ ನಡುವೆ ಖಾಸಗಿ ಬಸ್ಸು ಓಡಿಸಬೇಕಾದರೆ ರಹದಾರಿ ಬೇಕು. ಸಾರಿಗೆ ಇಲಾಖೆಯ ಕನ್ನಡದಲ್ಲಿ ಪರ್ಮಿಟ್ಟಿಗೆ ಇವತ್ತಿಗೂ ಇದೇ ಹೆಸರು. ಹಿಂದೆ ಪಾಸ್‌ಪೋರ್ಟನ್ನೂ ರಹದಾರಿ ಪತ್ರ ಎಂದು ಬರೆಯುವ ರೂಢಿಯಿತ್ತು.

ಕನ್ನಡದ ಕಿವಿಗೆ ಈ ಮಾತಿನ ಕೊನೆಯಲ್ಲಿ ‘ದಾರಿ’ ಕೇಳಿಸುತ್ತದೆ. ನಿಜವಾಗಿ ದಾರಿ ಇರುವುದು ಮೊದಲರ್ಧದಲ್ಲಿ. ಪಾರಸಿಯ ‘ರಾಹ್’ ಎಂದರೆ ಹಾದಿ. ‘ದಾರ್’ ಎಂದರೆ ಹಿಡಿದವನು, ವಹಿಸಿಕೊಂಡವನು; ಜಮೀನ್ದಾರ, ಹವಾಲ್ದಾರ, ತಹಸೀಲ್ದಾರರಲ್ಲಿ ಇರುವವನೂ ಅವನೇ. ರಾಹ್‌ದಾರ ಹಾದಿ ಕಾಯುವವನು. ಆ ಕಾವಲಿಗೆ ಸಲ್ಲುವ ಸುಂಕ ರಾಹ್‌ದಾರಿ. ತೆಲುಗಿನಲ್ಲಿ ಈ ಪದ ಹೆದ್ದಾರಿಯನ್ನೇ ಸೂಚಿಸತೊಡಗಿತು. ಅಲ್ಲೂ ಕೊನೆಯ ‘ದಾರಿ’ಯೇ ಕೆಲಸ ಮಾಡಿರಬೇಕು. ಕನ್ನಡದಲ್ಲಿ ಉಳಿದದ್ದು ಅನುಮತಿಯ ಕಾಗದ.

17ನೇ ಶತಮಾನದ ಸಫಾವಿ ಇರಾನಿನಲ್ಲಿ ಓಡಾಡಿದ ಯುರೋಪಿನ ವ್ಯಾಪಾರಿಗಳು ಈ ರಾಹ್‌ದಾರರ ಬಗ್ಗೆ ಬರೆದಿದ್ದಾರೆ. ಸುಂಕ ಕೊಟ್ಟ ಪಯಣಿಗನ ಸರಕು ದಾರಿಯಲ್ಲಿ ಕಳುವಾದರೆ ಹುಡುಕಿಸಿಕೊಡುವುದು, ಸಿಗದಿದ್ದರೆ ನಷ್ಟ ತುಂಬಿಕೊಡುವುದು ಆ ಸೀಮೆಯ ಅಧಿಕಾರಿಗಳ ಹೊಣೆಯಾಗಿತ್ತು. ನನಗೆ ಈ ಪದದ ಜೀವ ಇಲ್ಲೇ ಇದೆ ಅನ್ನಿಸುತ್ತದೆ. ಹಣ ಪಡೆದವನು ಮಾತಿಗೂ ಕಟ್ಟುಬೀಳುತ್ತಿದ್ದ. ಮೊಗಲರ ನಾಡಿನಲ್ಲಿ ಕಾವಲು ಸಡಿಲವಾಗಿ ಸುಂಕ ಮಾತ್ರ ಬಿಗಿಯಾಯಿತು. ಔರಂಗಜೇಬ್ ಪಟ್ಟಕ್ಕೆ ಬಂದ ಹೊಸದರಲ್ಲೇ ರಾಹ್‌ದಾರಿಯನ್ನು ರದ್ದುಮಾಡಿದ. ಅಧಿಕಾರಿಗಳು ವಸೂಲಿ ಬಿಡಲಿಲ್ಲ. ಸುಂಕ ಕಟ್ಟಿದ್ದಕ್ಕೆ ಗುರುತಾಗಿ ಕೊಡುವ ಚೀಟಿಗೂ ಅದೇ ಹೆಸರು ಅಂಟಿತು. ಹೊಣೆಯ ಹೆಸರು ಚೀಟಿಯ ಹೆಸರಾದದ್ದು ಹೀಗೆ.

ಚೀಟಿಯೇ ಇಲ್ಲದೆ ಬಂದವರಿಗೆ ಹಾದಿ ಬಿಟ್ಟದ್ದೂ ಉಂಟು. 1959ರ ಮಾರ್ಚ್ 31ರಂದು ದಲೈಲಾಮಾ ಟಿಬೆಟ್ಟಿನಿಂದ ಗಡಿ ದಾಟಿ ಭಾರತಕ್ಕೆ ಬಂದರು. ಅವರ ಹಿಂದೆ ಹಿಮಾಲಯ ಇಳಿದ ಸಾವಿರಾರು ಟಿಬೆಟಿಯನ್ನರ ಕೈಯಲ್ಲಿ ಯಾವ ಚೀಟಿ ಇದ್ದೀತು? ಭಾರತ 1951ರ ನಿರಾಶ್ರಿತರ ಒಪ್ಪಂದಕ್ಕೆ ಸಹಿ ಹಾಕಿರಲಿಲ್ಲ, ಇಂದಿಗೂ ಹಾಕಿಲ್ಲ. ಆದರೂ ಒಳಗೆ ಬಿಟ್ಟಿತು. ಮೈಸೂರು ರಾಜ್ಯ ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯಲ್ಲಿ ಸುಮಾರು 3,000 ಎಕರೆ ಕಾಡುನೆಲ ಕೊಟ್ಟಿತು. ಲುಗ್ಸುಂಗ್ ಸಂಡುಪ್ಲಿಂಗ್ ಎಂಬ ಟಿಬೆಟಿಯನ್ನರ ನೆಲೆ ಎದ್ದದ್ದು ಅಲ್ಲಿ. 1969ರಲ್ಲಿ ಪಕ್ಕದಲ್ಲೇ ಡಿಕಿ ಲಾರ್ಸೋ, ಆಮೇಲೆ ಹುಣಸೂರು ತಾಲ್ಲೂಕಿನ ಗುರುಪುರದಲ್ಲೊಂದು ನೆಲೆ.  ಟಿಬೆಟಿಯನ್ನರ ಈ ಊರುಗಳನ್ನು ಸುತ್ತಲಿನವರು ಅರುವತ್ತು ವರ್ಷ ಕಳೆದರೂ ‘ಕ್ಯಾಂಪ್’ ಎಂದೇ ಕರೆಯುತ್ತಾರೆ. ತಾತ್ಕಾಲಿಕ ಎಂಬ ಮಾತು ಇಷ್ಟು ದೀರ್ಘಕಾಲ ಬಾಳಿದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ.

ಹಾಗೆ ಬಂದವರು ಕಾನೂನಿನ ಕಣ್ಣಿನಲ್ಲಿ ವಿದೇಶಿಯರು. ಇರುವುದಕ್ಕೆ ಆರ್‌ಸಿ ಎಂಬ ನೋಂದಣಿ ಪತ್ರ, ಅದನ್ನು ಕಾಲಕಾಲಕ್ಕೆ ನವೀಕರಿಸಬೇಕು. ಹೊರದೇಶಕ್ಕೆ ಹೋಗುವುದಕ್ಕೆ ಪಾಸ್‌ಪೋರ್ಟಿನ ಬದಲು ಐಸಿ ಎಂಬ ಗುರುತಿನ ಪತ್ರದ ಹಳದಿ ಪುಸ್ತಕ. ಅದಿದ್ದರೂ ಮರಳಿ ಭಾರತಕ್ಕೆ ಬರಲು ಆಕ್ಷೇಪವಿಲ್ಲ ಎಂಬ ಇನ್ನೊಂದು ಒಪ್ಪಿಗೆ ಪಡೆದೇ ಎಷ್ಟೋ ಜನ ವಿಮಾನ ಹತ್ತಿದ್ದಾರೆ. ತಮ್ಮ ಮನೆಗೆ ವಾಪಸಾಗಲೂ ರಹದಾರಿ! 2003ರಿಂದೀಚೆಗೆ ನೇಪಾಳದ ಮೂಲಕ ಬರುವ ಟಿಬೆಟಿಯನ್ನರಿಗೆ ವಿಶೇಷ ಪ್ರವೇಶ ಪರವಾನಗಿಯ ಏರ್ಪಾಡಾಯಿತು.

ಅಮೆರಿಕದ ಕಾನೂನು ಇಂಥ ತಾತ್ಕಾಲಿಕ, ಮಾನವೀಯ ಪ್ರವೇಶಕ್ಕೆ ಇಟ್ಟ ಹೆಸರು ಪೆರೋಲ್. 1952ರ ವಲಸೆ ಕಾಯಿದೆಯಲ್ಲೇ ಅದಕ್ಕೆ ಅವಕಾಶವಿದೆ. ವೀಸಾ ಸಿಗದೆ, ಅಲ್ಲಿ ಸಾಯುತ್ತಿರುವ ಮಗಳನ್ನು ನೋಡಲೇಬೇಕಾದ ತಾಯಿಗೆ ಉಳಿಯುವ ಬಾಗಿಲು ಅದೊಂದೇ ಆಗಬಹುದು. ನಮಗೆ ಪೆರೋಲ್ ಎಂದರೆ ಕೈದಿಯ ರಜೆ. ಮೂಲದ ಫ್ರೆಂಚಿನಲ್ಲಿ ಅದು ‘ಮಾತು’: ಓಡಿಹೋಗುವುದಿಲ್ಲ ಎಂದು ಸೆರೆಯಾಳು ಕೊಡುವ ಭಾಷೆ. ಅಲ್ಲಿ ಮಾತು ಕೊಡಬೇಕಾದವನು ಬರುವವನು. ರಾಹ್‌ದಾರಿಯಲ್ಲಿ ಮಾತು ಕೊಟ್ಟವನು ಹಾದಿ ಕಾಯುವವನು. ಪ್ರಾಣ ಉಳಿಸಿಕೊಳ್ಳಲು ಬಂದವರ ವಿಷಯದಲ್ಲಿ ಎರಡನೆಯದೇ ಸರಿಯಾದ ಕ್ರಮ ಎಂದು ನಾನು ನಂಬಿದ್ದೇನೆ. 1959ರಲ್ಲಿ ಭಾರತ, ಅದರ ಬೆನ್ನಿಗೆ ಮೈಸೂರು ರಾಜ್ಯ ನಡೆದುಕೊಂಡದ್ದೂ ಹಾಗೆಯೇ.

ಆ ಹೊಣೆ ಇನ್ನೂ ಪೂರ್ತಿ ಸಂದಿಲ್ಲ. 1950ರ ಜನವರಿ 26ರಿಂದ 1987ರ ಜುಲೈ 1ಕ್ಕೆ ಮೊದಲು ಈ ನೆಲದಲ್ಲಿ ಹುಟ್ಟಿದ ಟಿಬೆಟಿಯನ್ನರು ಹುಟ್ಟಿನಿಂದಲೇ ಭಾರತದ ಪ್ರಜೆಗಳು ಎಂಬುದನ್ನು 2013ರಲ್ಲಿ ಕರ್ನಾಟಕ ಹೈಕೋರ್ಟ್ ಎತ್ತಿಹಿಡಿಯಿತು. 1987ರ ಆ ದಿನದಿಂದೀಚೆಗೆ ಪ್ರಜೆಗಳಲ್ಲದ ತಂದೆತಾಯಿಗೆ ಹುಟ್ಟಿದವರು ಬೈಲಕುಪ್ಪೆಯಲ್ಲೇ ಓದಿ, ಮುಸುಕಿನ ಜೋಳ ಬೆಳೆದು, ಕುಶಾಲನಗರದ ಅಂಗಡಿಗಳಲ್ಲಿ ಕನ್ನಡದಲ್ಲೇ ಚೌಕಾಸಿ ಮಾಡುವವರಾದರೂ ಆರ್‌ಸಿ ಹಿಡಿದೇ ಬಾಳಬೇಕು.