ಮಾಯಿಯ ಚಟ್ಟಕ್ಕೆ ಹೆಗಲು ಕೊಟ್ಟವರು

ಪುಣೆಯ ಕಾಲೇಜೊಂದರಲ್ಲಿ ಹಿಂದಿ ಕಲಿಸುತ್ತಿದ್ದ ವರ್ಷಗಳಲ್ಲಿ ನಾನು ಅತಿ ಹೆಚ್ಚು ಸಲ ಪಾಠ ಮಾಡಿದ ನಾಟಕ ಅಸ್ಗರ್ ವಜಾಹತ್ ಅವರ ‘ಜಿಸ್ ಲಾಹೋರ್ ನಈ ದೇಖ್ಯಾ ಓ ಜಮ್ಯಾಇ ನಈ’. ಲಾಹೋರ್ ನೋಡದವನು ಹುಟ್ಟಿಯೇ ಇಲ್ಲ ಎಂಬ ಪಂಜಾಬಿ ಮಾತೇ ಅದರ ಹೆಸರು. ಪ್ರತಿ ವರ್ಷವೂ ನಾಟಕಕ್ಕೆ ಕೈ ಹಾಕುವ ಮೊದಲು ‘ಅಲಾಟ್‌ಮೆಂಟ್’ ಎಂಬ ಒಂದು ಪದವನ್ನು ಬೋರ್ಡಿನ ಮೇಲೆ ಬರೆಯುತ್ತಿದ್ದೆ. ಈ ಪದದ ಹಿಂದಿನ ಇತಿಹಾಸ ತಿಳಿಯದಿದ್ದರೆ ನಾಟಕ ಬರೀ ‘ಎಲ್ಲರೂ ಚೆನ್ನಾಗಿರೋಣ’ ಎಂಬ ಉಪದೇಶವಾಗಿ ಕೇಳಿಸುತ್ತದೆ.

ಗಡಿಗೆರೆ ಎಲ್ಲಿ ಹಾದುಹೋಗುತ್ತದೆ ಎಂಬುದು ಜನರಿಗೆ ಗೊತ್ತಾದದ್ದು 1947ರ ಆಗಸ್ಟ್ 17ರಂದು, ಸ್ವಾತಂತ್ರ್ಯ ಬಂದ ಎರಡು ದಿನಗಳ ಮೇಲೆ. ಲಾಹೋರ್ ಪಾಕಿಸ್ತಾನಕ್ಕೆ ಹೋಯಿತು. ಆ ನಗರದಲ್ಲಿ ಮೂರರಲ್ಲಿ ಒಂದು ಪಾಲಿಗೂ ಹೆಚ್ಚು ಜನ ಹಿಂದೂಗಳು ಮತ್ತು ಸಿಖ್ಖರಿದ್ದರು. ಹಿಂದೂ ವ್ಯಾಪಾರಿಗಳ ಶಾಹ್ ಆಲ್ಮಿ ಪೇಟೆ ಜೂನ್ ತಿಂಗಳಲ್ಲೇ ಸುಟ್ಟುಹೋಗಿತ್ತು. ಉಳಿದವರೂ ಕೆಲವೇ ತಿಂಗಳಲ್ಲಿ ಊರು ಬಿಟ್ಟರು. ಅವರು ಬಿಟ್ಟುಹೋದ ಮನೆಗಳನ್ನು ಸರ್ಕಾರದ ಕಸ್ಟೋಡಿಯನ್ ಕಚೇರಿ ವಶಕ್ಕೆ ತೆಗೆದುಕೊಂಡು, ಈ ಕಡೆಯಿಂದ ಎಲ್ಲವನ್ನೂ ಕಳೆದುಕೊಂಡು ಹೋದ ಮುಸ್ಲಿಂ ಕುಟುಂಬಗಳಿಗೆ ಹಂಚಿತು. ದೆಹಲಿಯಲ್ಲೂ ಪೂರ್ವ ಪಂಜಾಬಿನಲ್ಲೂ ನಡೆದದ್ದು ಇದೇ. ಇಲ್ಲಿ ಮುಸ್ಲಿಮರ ಮನೆಗಳು, ಆ ಕಡೆಯಿಂದ ಬಂದ ನಿರಾಶ್ರಿತರು.

ನಾಟಕ ಶುರುವಾಗುವುದು ಅಂಥದೊಂದು ಅಲಾಟ್‌ಮೆಂಟ್ ಚೀಟಿಯಿಂದ. ಲಖನೌದಿಂದ ಬಂದ ಸಿಕಂದರ್ ಮಿರ್ಜಾ ಅವರಿಗೆ ಲಾಹೋರಿನ ಕೂಚಾ ಜೌಹರಿಯಾನ್ ಗಲ್ಲಿಯಲ್ಲಿ 22 ಕೋಣೆಗಳ ಹವೇಲಿ ಸಿಗುತ್ತದೆ. ಕ್ಯಾಂಪಿನಲ್ಲಿ ದಿನ ಕಳೆದ ಹೆಂಡತಿ ಮಕ್ಕಳಿಗೆ ಅದು ಸ್ವರ್ಗ. ಆದರೆ ಒಳಗೆ ಕಾಲಿಟ್ಟರೆ ಮನೆ ಖಾಲಿಯಿಲ್ಲ. ಹವೇಲಿಯ ಒಡೆಯ ರತನ್‌ಲಾಲ್ ಜೌಹರಿಯ ಮುದಿ ತಾಯಿ ಅಲ್ಲೇ ಇದ್ದಾಳೆ. ಮಗ ಗಲಭೆಯಲ್ಲಿ ಕಾಣೆಯಾಗಿದ್ದಾನೆ, ಆಕೆ ಅವನ ದಾರಿ ಕಾಯುತ್ತಿದ್ದಾಳೆ.

ಮೊದಮೊದಲು ತರಗತಿಯಲ್ಲಿ ನಗುವೋ ನಗು. ಮುದುಕಿಯದು ಪಂಜಾಬಿ, ಮಿರ್ಜಾ ಮನೆಯವರದು ಲಖನೌದ ನಾಜೂಕು ಉರ್ದು. ಒಬ್ಬರದು ಇನ್ನೊಬ್ಬರಿಗೆ ಅರ್ಧ ಅರ್ಥವಾಗುತ್ತದೆ, ಇನ್ನರ್ಧ ಆಗುವುದಿಲ್ಲ. ಬಾಡಿಗೆ ಮನೆಯ ಓನರ್ ಜೊತೆ ಹರಕು ಮರಾಠಿಯಲ್ಲಿ ಜಗಳವಾಡಿದ ನಮ್ಮಂಥವರಿಗೆ ಅದನ್ನು ವಿವರಿಸಬೇಕಿಲ್ಲ. ಆದರೆ ನಗುವಿನ ಅಡಿಯಲ್ಲೇ ಭಯವೂ ಇದೆ. ಮುದುಕಿಯ ಕಾಟ ಕಳೆದುಕೊಳ್ಳಲು ಮಿರ್ಜಾ ಅವರ ಮಗ ಮೊಹಲ್ಲಾದ ಪುಂಡ ಪಹಲ್ವಾನನ ಬಳಿ ಹೋಗುತ್ತಾನೆ. ವಿದ್ಯಾರ್ಥಿಗಳಿಗೆ ನಾನು ಇಲ್ಲಿ ಕೇಳುತ್ತಿದ್ದ ಪ್ರಶ್ನೆ: ಈ ಹುಡುಗ ಕೆಟ್ಟವನೇ? ಅವನೂ ತನ್ನ ಮನೆ ಕಳೆದುಕೊಂಡು ಬಂದವನೇ ಅಲ್ಲವೇ? ಇದಕ್ಕೆ ಅವಸರದಲ್ಲಿ ಉತ್ತರ ಹೇಳಲು ಬಿಡುತ್ತಿರಲಿಲ್ಲ.

ಆಮೇಲೆ ನಡೆಯುವುದು ಸಣ್ಣಪುಟ್ಟ ಸಂಗತಿಗಳು. ಮುದುಕಿ ಮನೆಯವರಿಗೆ ನೆರವಾಗುತ್ತಾಳೆ, ಅಕ್ಕಪಕ್ಕದವರ ಕಷ್ಟಕ್ಕೆ ಓಡುತ್ತಾಳೆ, ಮನೆಯ ಹುಡುಗಿಗೆ ಅಜ್ಜಿಯಾಗುತ್ತಾಳೆ, ಇಡೀ ಗಲ್ಲಿಗೆ ‘ಮಾಯಿ’ಯಾಗುತ್ತಾಳೆ. ಹಿಂದೂಗಳೇ ಇಲ್ಲದ ಆ ಗಲ್ಲಿಯಲ್ಲಿ ಆಕೆ ದೀಪಾವಳಿಯ ಹಣತೆ ಹಚ್ಚಿದಾಗ ಪಹಲ್ವಾನ್ ಕಿಡಿಕಿಡಿಯಾಗುತ್ತಾನೆ. ಅದು ಆಕೆಯ ಹಕ್ಕು ಎಂದು ನಿಲ್ಲುವವರು ಮಸೀದಿಯ ಮೌಲ್ವಿ. ಹಂಚಿದ್ದು ಕಾಗದ, ಒಂದಾದದ್ದು ಒಲೆಯ ಬಳಿ.

ಕೊನೆಗೆ ಮಾಯಿ ಸಾಯುತ್ತಾಳೆ. ಬದುಕಿಡೀ ಹಿಂದೂವಾಗಿದ್ದವಳಿಗೆ ಹಿಂದೂ ಪದ್ಧತಿಯಲ್ಲೇ ಸಂಸ್ಕಾರವಾಗಬೇಕು ಎಂದು ಮೌಲ್ವಿ ಹೇಳುತ್ತಾರೆ. ಸರಿ, ಆದರೆ ಪದ್ಧತಿ ಗೊತ್ತಿರುವವರು ಯಾರು? ಪುರೋಹಿತರಿಲ್ಲ, ನೆಂಟರಿಲ್ಲ, ಹಿಂದೂಗಳೇ ಇಲ್ಲ. ಮುಸ್ಲಿಂ ನೆರೆಯವರೇ ಸೇರಿ, ಹಿಂದೆ ತಾವು ಕಂಡದ್ದನ್ನು ಒಂದೊಂದಾಗಿ ನೆನಪಿಸಿಕೊಂಡು, ರಾಮನಾಮ ಹೇಳುತ್ತಾ ಆಕೆಯನ್ನು ರಾವಿ ನದಿಯ ದಡಕ್ಕೆ ಹೊರುತ್ತಾರೆ.

ಒಂದು ವರ್ಷ ಈ ದೃಶ್ಯ ಓದುತ್ತಿದ್ದ ಹುಡುಗಿ ನಡುವೆ ನಿಲ್ಲಿಸಿ ಹೇಳಿದಳು: “ಸರ್, ನಮ್ಮಜ್ಜಿ ಹೋದಾಗ ಏನೇನು ಮಾಡಿದರು ಅಂತ ನನಗೇ ಗೊತ್ತಿಲ್ಲ.” ತರಗತಿ ಗಪ್ಪಾಯಿತು. ಅಂದು ನಾನು ಪಾಠ ಮುಂದುವರಿಸಲಿಲ್ಲ. ನೆರೆಮನೆಯವರ ಒಂದು ಆಚರಣೆಯನ್ನು ಅವರಿಂದಲೇ ಕೇಳಿ ಬರೆದುಕೊಂಡು ಬನ್ನಿ, ನಿಮ್ಮದೊಂದನ್ನು ಅವರಿಗೆ ತಿಳಿಸಿ ಬನ್ನಿ ಎಂದು ಕಳಿಸಿದೆ. ಬಂದವುಗಳಲ್ಲಿ ಅರ್ಧಕ್ಕರ್ಧ ಅಡುಗೆಯ ವಿಷಯ. ಇರಲಿ. ಮುಂದಿನ ವರ್ಷಗಳಲ್ಲೂ ಆ ಕೆಲಸ ಕೊಡುವುದನ್ನು ನಾನು ಬಿಡಲಿಲ್ಲ. ಪರಂಪರೆಯನ್ನು ಅದರ ವಾರಸುದಾರರಷ್ಟೇ ಕಾಯುತ್ತಾರೆ ಎಂದು ಅಲ್ಲಿಯವರೆಗೆ ನಾನೂ ನಂಬಿದ್ದೆ. ಕಂಡ ನೆರೆಯವರೂ ಕಾಯುತ್ತಾರೆ. 1947ರಲ್ಲಿ ಎರಡೂ ಕಡೆ ಹೋದದ್ದು ಜೀವ ಮತ್ತು ಆಸ್ತಿಯಷ್ಟೇ ಅಲ್ಲ. ಹೀಗೆ ಪರಸ್ಪರರ ಹಬ್ಬ, ಸಾವು, ಮಾತುಗಳನ್ನು ಬಲ್ಲ ಸಾಕ್ಷಿಗಳೂ ಹೋದರು.

ಕಥೆ ಪೂರ್ತಿ ಕಲ್ಪನೆಯದಲ್ಲ. ಲಾಹೋರಿನಿಂದ ದೆಹಲಿಗೆ ಬಂದ ಪತ್ರಕರ್ತ ಸಂತೋಷ್ ಕುಮಾರ್ ತಮ್ಮ ‘ಲಾಹೋರ್‌ನಾಮಾ’ದಲ್ಲಿ ಹೀಗೆ ಅಲ್ಲೇ ಉಳಿದ ಹಿಂದೂ ಮುದುಕಿಯೊಬ್ಬರ ಸಂಗತಿ ಬರೆದಿದ್ದರು, ವಜಾಹತ್ ಅವರಿಗೆ ಎಳೆ ಸಿಕ್ಕಿದ್ದು ಅದರಿಂದ. ನಾಟಕದಲ್ಲಿ ಬರುವ ಕವಿ ನಾಸಿರ್ ಕಾಜ್ಮಿಯೂ ನಿಜದ ವ್ಯಕ್ತಿ. 1925ರಲ್ಲಿ ಅಂಬಾಲಾದಲ್ಲಿ ಹುಟ್ಟಿ, ವಿಭಜನೆಯಲ್ಲಿ ಲಾಹೋರಿಗೆ ಹೋಗಿ, ಬಿಟ್ಟುಬಂದ ಊರನ್ನು ಮರೆಯಲಾಗದೆ ಬರೆದವರು. 1990ರಲ್ಲಿ ಹಬೀಬ್ ತನ್ವೀರ್ ದೆಹಲಿಯ ಶ್ರೀರಾಮ್ ಸೆಂಟರ್ ಕಲಾವಿದರಿಂದ ಇದನ್ನು ಆಡಿಸಿದರು. ಅಯೋಧ್ಯೆಯ ಪ್ರಶ್ನೆಯಿಂದ ದೇಶ ಕಾದಿದ್ದ ವರ್ಷ ಅದು. ನೋಡಲು ಬಂದವರಲ್ಲಿ ಯಾರಿಗೂ ಇದು ಬರೀ ಹಳೆಯ ಕಥೆಯಾಗಿ ಕಂಡಿರಲಾರದು.

ಇದನ್ನು ಸೌಹಾರ್ದದ ನಾಟಕ ಎಂದು ಕರೆಯುವವರು ಕೊನೆಯ ದೃಶ್ಯವನ್ನು ಮರೆತುಬಿಡುತ್ತಾರೆ. ಮಾಯಿಯ ಸಂಸ್ಕಾರಕ್ಕೆ ದಾರಿ ತೋರಿದ ಮೌಲ್ವಿಯನ್ನು ಮಸೀದಿಯಲ್ಲೇ ಕೊಲ್ಲುತ್ತಾರೆ. ಆ ಸಾವಿನ ಬಗ್ಗೆ ಟಿಪ್ಪಣಿ ಬರೆಸಿ ಎಂದು ಮಕ್ಕಳು ಕೇಳುತ್ತಿದ್ದರು, ಪರೀಕ್ಷೆಗೆ ಬರುತ್ತದಲ್ಲ! ನಾನು ಬರೆಸುತ್ತಿರಲಿಲ್ಲ. ಚಟ್ಟಕ್ಕೆ ಹೆಗಲು ಕೊಟ್ಟವರ ಹೆಸರುಗಳನ್ನು ಬೋರ್ಡಿನ ಮೇಲೆ ಬರೆದು, ಮರುದಿನ ಇವರಲ್ಲಿ ಯಾರು ಯಾರು ಮನೆಯಿಂದ ಹೊರಗೆ ಬಂದಿರಬಹುದು ಎಂದು ಕೇಳಿ, ಗಂಟೆ ಹೊಡೆಯುವ ತನಕ ಅವರ ಮಾತು ಕೇಳುತ್ತಾ ಕೂರುತ್ತಿದ್ದೆ.